ಕಾರ್ಡಿನಲ್ಲಿ ಇಲ್ಲದ ಸಾಲುಗಳು

ಹೊಸ ವರ್ಷದ ಬೆಳಗಿನ ಆರಾಧನೆ ಮುಗಿಯುವ ಹೊತ್ತಿಗೆ ನಮ್ಮ ಚರ್ಚಿನಲ್ಲಿ ಒಂದು ತಟ್ಟೆ ತಿರುಗುತ್ತದಲ್ಲ, ಮನೆಗೊಂದರಂತೆ ವರ್ಷದ ಬೈಬಲ್ ವಚನ ಆರಿಸಿಕೊಳ್ಳುವ ವಾಗ್ದಾನದ ಕಾರ್ಡುಗಳ ತಟ್ಟೆ, ಈ ಸಲ ಅದು ನನ್ನ ಮುಂದೆ ಬಂದಾಗ ನಾನು ಕೈ ಹಾಕದೆ ಪಕ್ಕದವರಿಗೆ ದಾಟಿಸಿಬಿಟ್ಟೆ. ನೀವಿಬ್ಬರೂ ನೋಡಿದಿರಿ. ಮನೆಗೆ ಬರುವಾಗ ಆಟೋದಲ್ಲಿ ದೊಡ್ಡವನು ಕೇಳಿದ, "ಅಜ್ಜಿ, ನಮ್ಮನೆಗೆ ಈ ವರ್ಷ ಪ್ರಾಮಿಸ್ ಇಲ್ವಾ?" ನಾನು ಕೋಗಿಲು ಕ್ರಾಸಿನ ಟ್ರಾಫಿಕ್ ನೋಡುತ್ತ ಕೂತೆ.

ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ. ಕುಟುಂಬ ಪ್ರಾರ್ಥನೆಯಲ್ಲಿ ನನ್ನ ಸರದಿ ಬಂದರೆ ಎಲ್ಲರಿಗೂ ಬಾಯಿಪಾಠವಾದ ಕರ್ತನ ಪ್ರಾರ್ಥನೆ ಹೇಳಿ ಮುಗಿಸಿಬಿಡುತ್ತೇನೆ. ನೀವು ಮುಸಿಮುಸಿ ನಗುವುದು ಕಣ್ಣು ಮುಚ್ಚಿದ್ದರೂ ನನಗೆ ಗೊತ್ತಾಗುತ್ತದೆ. ಬರೆಯುವುದಾದರೆ ನಿಧಾನವಾಗಿ ಬರೆಯಬಹುದು, ಯಾರೂ ಮುಖ ನೋಡುವುದಿಲ್ಲ. ಹಳ್ಳಿ ಶಾಲೆಯಲ್ಲಿ ಕಲಿತ ಕನ್ನಡ ನನ್ನದು. ನಿಮ್ಮ ಮಿಸ್ ಕೈಗೆ ಇದು ಸಿಕ್ಕರೆ ಕೆಂಪು ಇಂಕು ಖರ್ಚಾಗುತ್ತದೆ, ತೋರಿಸಬೇಡಿ. ನಿಮ್ಮ ತಾತನ ಸಮಾಧಿ ಕಲ್ಲಿನ ಮೇಲೆ ಯಾವ ವಚನ ಕೆತ್ತಿಸಬೇಕು ಎಂದು ನಮ್ಮ ಮನೆಯಲ್ಲಿ ಜಗಳವಾಯಿತಲ್ಲ, ಬಾಗಿಲು ಹಾಕಿದ್ದರೂ ನಿಮಗೆ ಅರ್ಧ ಕೇಳಿಸಿತಲ್ಲ, ಆ ಜಗಳಕ್ಕೂ ಈ ತಟ್ಟೆಗೂ ಸಂಬಂಧ ಇದೆ.

ಆದರೆ ನಾನು ಶುರುಮಾಡಬೇಕಾದದ್ದು ನನ್ನ ಅಜ್ಜಿಯ ಬೆರಳಿನಿಂದ.

ನನ್ನ ಅಜ್ಜಿಗೆ ಓದು ಬರುತ್ತಿರಲಿಲ್ಲ. ಮನೆಯಲ್ಲಿದ್ದ ಒಂದೇ ಬೈಬಲನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ರಾಗಿ ತುಂಬಿಡುವ ಮಣ್ಣಿನ ವಾಡೆಯ ಮೇಲೆ ಇಟ್ಟಿರುತ್ತಿದ್ದಳು. ಮಗುವಿಗೆ ಜ್ವರ ಬಂದರೆ ಅದು ತಲೆದಿಂಬಿನ ಕೆಳಗೆ ಇಳಿಯುತ್ತಿತ್ತು. ಒಂದು ಸಲ ಕರು ಹಾಕಲು ಕಷ್ಟಪಡುತ್ತಿದ್ದ ಹಸುವಿನ ಬೆನ್ನ ಮೇಲೂ ಇಟ್ಟಿದ್ದಳು. ಮನೆಯಲ್ಲಿ ಏನಾದರೂ ದೊಡ್ಡ ವಿಷಯ ತೀರ್ಮಾನ ಆಗಬೇಕಾದರೆ ಕೈಕಾಲು ತೊಳೆದುಕೊಂಡು ಬಂದು, ಕಣ್ಣು ಮುಚ್ಚಿ, ಪುಸ್ತಕ ತೆರೆದು ಬೆರಳಿಡುತ್ತಿದ್ದಳು. ಬೆರಳು ಬಿದ್ದ ಸಾಲನ್ನು ನಾನು ಓದಬೇಕು.

"ಓದೇ ಮಗ. ದೇವ್ರು ಏನಂತಾನೆ?"

ದೇವರು ಒಂದೊಂದು ಸಲ ಏನೇನೋ ಅನ್ನುತ್ತಿದ್ದ. ನನ್ನ ಮದುವೆಯ ಮಾತು ಬಂದಾಗ ಅಜ್ಜಿಯ ಬೆರಳು ಬಿದ್ದದ್ದು ದೇವದರ್ಶನದ ಗುಡಾರದ ಪರದೆಗಳು ಎಷ್ಟೆಷ್ಟು ಮೊಳ ಇರಬೇಕು ಎಂಬ ಕಡೆ. ನಾನು ಓದಿದೆ. ನಾಚಿಕೆಯಲ್ಲಿ ಮೊಳಗಳನ್ನೂ ತಪ್ಪಾಗಿ ಓದಿದೆ ಎಂದು ಕಾಣುತ್ತದೆ. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ ಹೇಳಿದಳು, "ಅಂಗಾದ್ರೆ ಹುಡುಗನ ಮನೇಲಿ ಬಟ್ಟೆಬರೆಗೆ ಕೊರತೆ ಇಲ್ಲ. ಒಪ್ಕೊಳ್ರಿ."

ಮದುವೆಯಾಗಿ ಬಂದು ನೋಡಿದರೆ ನಿಮ್ಮ ತಾತನಿಗೆ ಇದ್ದದ್ದು ಎರಡು ಅಂಗಿ. ಒಂದು ಯಶವಂತಪುರದ ವರ್ಕ್‌ಶಾಪಿಗೆ, ಗ್ರೀಸ್ ಬಳಿದುಕೊಂಡಿದ್ದು. ಇನ್ನೊಂದು ಭಾನುವಾರದ್ದು. ಈ ಕಥೆ ಹೇಳಿದಾಗಲೆಲ್ಲ ಅವರು ನಗುತ್ತಿದ್ದರು. "ದೇವರು ಪರದೆ ಅಂದಿದ್ದು, ಅಂಗಿ ಅನ್ಲಿಲ್ಲ. ನಿಮ್ಮಜ್ಜಿ ಕೇಳಿಸ್ಕೊಂಡಿದ್ದೇ ತಪ್ಪು" ಎನ್ನುತ್ತಿದ್ದರು.

ನಾನೂ ಅಜ್ಜಿಯ ಮೊಮ್ಮಗಳೇ. ಓದು ಬಂದರೂ ನಾನು ಬೈಬಲನ್ನು ಓದಿದ್ದು ತುಂಡು ತುಂಡಾಗಿ. ಸಂಡೆ ಸ್ಕೂಲಿನಲ್ಲಿ ವಚನ ಬಾಯಿಪಾಠ ಒಪ್ಪಿಸಿದರೆ ಪೆನ್ಸಿಲ್ ಕೊಡುತ್ತಿದ್ದರು. ಯೇಸು ಅತ್ತದ್ದನ್ನು ಹೇಳುವ ವಚನ ಎಲ್ಲಕ್ಕಿಂತ ಚಿಕ್ಕದು. ಅದನ್ನು ಹೇಳಲು ನಾವೆಲ್ಲ ನೂಕಾಡಿಕೊಂಡು ಮುಂದೆ ಓಡುತ್ತಿದ್ದೆವು. ಮೊದಲು ಎದ್ದವರಿಗೆ ಅದು, ಉಳಿದವರಿಗೆ ಉದ್ದದ್ದು. ಯೇಸು ಯಾಕೆ ಅತ್ತ ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ದೊಡ್ಡವಳಾದ ಮೇಲೆ ವಚನಗಳು ಗೋಡೆಯ ಕ್ಯಾಲೆಂಡರಿನಲ್ಲಿ, ಮದುವೆ ಪತ್ರಿಕೆಯ ತಲೆಯಲ್ಲಿ, ಆಟೋದ ಹಿಂದೆ, ಈಗ ನಿಮ್ಮ ಅಮ್ಮನ ವಾಟ್ಸಾಪಿನಲ್ಲಿ ದಿನಾ ಬೆಳಗ್ಗೆ ಸೂರ್ಯೋದಯದ ಚಿತ್ರದ ಮೇಲೆ. ನೀವು ಮಿಕ್ಸ್‌ಚರಿನಲ್ಲಿ ಗೋಡಂಬಿ ಆರಿಸಿ ತಿಂದು ತಟ್ಟೆ ಆಚೆ ತಳ್ಳುತ್ತೀರಲ್ಲ, ನಾನು ನಿಮಗೆ ಬೈಯುತ್ತೇನಲ್ಲ, ನನ್ನ ಬೈಬಲ್ ಓದು ಅದೇ ತರಹ ಇತ್ತು.

ಈಗ ತಾತನ ಕಾಯಿಲೆಯ ವರ್ಷ ನನಗೆ ಬಂದ ಕಾರ್ಡಿನ ವಿಷಯ.

ತಾತನಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾಗಿ ಎರಡು ವಾರವೂ ಆಗಿರಲಿಲ್ಲ, ಹೊಸ ವರ್ಷ ಬಂತು. ಅವರನ್ನು ಮನೆಯಲ್ಲಿ ಬಿಟ್ಟು ನಾನು ಆರಾಧನೆಗೆ ಹೋದೆ. ತಟ್ಟೆ ಬಂತು. ಕಣ್ಣು ಮುಚ್ಚಿ ಒಂದು ಕಾರ್ಡು ತೆಗೆದೆ. ನಿನ್ನ ಪ್ರಾರ್ಥನೆ ನನಗೆ ಕೇಳಿಸಿದೆ, ನಿನ್ನ ಕಣ್ಣೀರನ್ನು ನೋಡಿದ್ದೇನೆ, ನಿನ್ನನ್ನು ವಾಸಿಮಾಡುತ್ತೇನೆ ಎಂಬ ಅರ್ಥದ ವಚನ ಅದರಲ್ಲಿತ್ತು.

ಎರಡು ಸಲ ಓದಿದೆ. ಪಕ್ಕದಲ್ಲಿ ಎಸ್ತೇರಮ್ಮ ಇದ್ದರು. ನಿಮಗೆ ದೊಡ್ಡಜ್ಜಿ, ತಾತನ ಒಡಹುಟ್ಟಿದ ಅಕ್ಕ. ಗಂಗಾನಗರದಿಂದ ಅಷ್ಟು ಬೆಳಗ್ಗೆ ಬಸ್ಸಿನಲ್ಲಿ ಬಂದಿದ್ದರು. ಕಾರ್ಡು ಕಿತ್ತುಕೊಂಡು ಓದಿ, ಕಣ್ಣಿಗೊತ್ತಿಕೊಂಡು, ಅಲ್ಲೇ ಜೋರಾಗಿ ಅತ್ತುಬಿಟ್ಟರು. "ಸಾರಾ, ಇದು ನಿಂಗೇ ಬರ್ದಿರೋದು ಕಣೇ! ಇಷ್ಟು ಜನದಲ್ಲಿ ನಿನ್ನ ಕೈಗೇ ಬಂತಲ್ಲೇ!" ಸುತ್ತಲಿದ್ದವರೆಲ್ಲ ಬಂದು ನನ್ನ ಕೈ ಹಿಡಿದುಕೊಂಡರು. ಮಳೆಗಾಲ ಮುಗಿದು ಚರ್ಚಿನ ಸುಗ್ಗಿಯ ಹಬ್ಬ ಬರೋ ಹೊತ್ತಿಗೆ ನಿಮ್ಮ ಯಜಮಾನರು ಇಲ್ಲೇ ನಿಂತು ವಾಸಿಯಾದೆ ಅಂತ ಸಾಕ್ಷಿ ಹೇಳ್ತಾರೆ ನೋಡ್ತಿರಿ ಎಂದರು. ಜನ ನನ್ನನ್ನು ಅಷ್ಟು ಗಮನಿಸಿದ್ದು ನನ್ನ ಮದುವೆಯ ದಿನ ಬಿಟ್ಟರೆ ಅವತ್ತೇ.

ಕಾರ್ಡನ್ನು ತಾತನ ಮಂಚದ ಪಕ್ಕದ ಬೀರುವಿಗೆ, ಅವರ ಕಣ್ಣಿಗೆ ನೇರವಾಗಿ ಕಾಣುವ ಹಾಗೆ ಅಂಟಿಸಿದೆ. ಬೆಳಗಿನ ಮಾತ್ರೆ ಕೊಡುವಾಗ ಒಂದು ಸಲ ಗಟ್ಟಿಯಾಗಿ ಓದುತ್ತಿದ್ದೆ, ಸಂಜೆಯ ಮಾತ್ರೆಗೆ ಇನ್ನೊಂದು ಸಲ. ಅದೂ ಒಂದು ಔಷಧಿಯೇ ಎಂಬ ಹಾಗೆ. ಮೊದಮೊದಲು ಅವರು "ಆಮೆನ್" ಎನ್ನುತ್ತಿದ್ದರು. ಆಮೇಲೆ ತಲೆಯಾಡಿಸುತ್ತಿದ್ದರು.

ಹೆಬ್ಬಾಳದ ಆಸ್ಪತ್ರೆಗೆ ಹೋಗಿ ಬರುವುದು ಹೆಚ್ಚಾಯಿತು. ಒಂದು ದಿನ ತಾತ ನಿಮ್ಮ ಅಪ್ಪನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. "ಪ್ರಭು, ಬೋರ್‌ವೆಲ್ ಮೋಟರು ಕೈಕೊಟ್ರೆ ಮೊದ್ಲು ಸ್ಟಾರ್ಟರ್ ನೋಡು, ಸುಮ್ನೆ ಮೆಕ್ಯಾನಿಕ್ ಕರೀಬೇಡ. ಗ್ಯಾಸ್ ಕನೆಕ್ಷನ್ ನನ್ನ ಹೆಸರಲ್ಲಿದೆ, ನಿಮ್ಮಮ್ಮನ ಹೆಸರಿಗೆ ಮಾಡಿಸ್ಬೇಕು. ಅವ್ಳಿಗೆ ಬ್ಯಾಂಕಿಗೆ ಹೋಗೋಕೆ ಭಯ, ನೀನು ಜೊತೇಲಿ…"

ನಾನು ಅಡುಗೆಮನೆಯಿಂದ ಓಡಿಬಂದೆ. "ಯಾಕ್ರೀ ಅಂಥ ಮಾತು? ವಾಗ್ದಾನ ಬಂದಿರೋ ಮನೇಲಿ ಆಡೋ ಮಾತಾ ಇದು?" ನಿಮ್ಮ ಅಪ್ಪ ಇಬ್ಬರ ಮುಖವನ್ನೂ ನೋಡಿ ಎದ್ದುಹೋದ.

ಅದಾದ ಕೆಲವು ದಿನಕ್ಕೆ ಒಂದು ಬೆಳಗ್ಗೆ ನಾನು ಮಾತ್ರೆ ಹಿಡಿದುಕೊಂಡು ವಚನ ಓದಲು ಬಾಯಿ ತೆರೆದೆ. ಅವರು ಮಾತ್ರೆ ನುಂಗಿದರು, ನೀರು ಕುಡಿದರು, ಆ ಕಡೆ ಹೊರಳಿ ಗೋಡೆಗೆ ಮುಖ ಮಾಡಿಕೊಂಡು ಮಲಗಿದರು. ಬೆನ್ನು ನನ್ನ ಕಡೆ. ಬೀರು, ಕಾರ್ಡು, ನಾನು, ಮೂವರೂ ಒಂದೇ ಕಡೆ ಉಳಿದೆವು. ಮನೆಯ ಮೇಲೆ ವಿಮಾನ ಒಂದು ತೀರಾ ತಗ್ಗಿನಲ್ಲಿ ಹೋಯಿತು. ಅದರ ಸದ್ದು ಮುಗಿಯಲಿ ಎಂದು ಕಾದೆ. ಮುಗಿದ ಮೇಲೂ ಓದಲು ಧೈರ್ಯ ಬರಲಿಲ್ಲ.

ಅಲ್ಲಿಂದ ಕೊನೆಯವರೆಗೆ ಅವರು ಹೆಚ್ಚಾಗಿ ಹಾಗೇ ಮಲಗುತ್ತಿದ್ದರು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು, ಗಂಜಿ ಕುಡಿಸಿದರೆ ಕುಡಿಯುತ್ತಿದ್ದರು, ಆಮೇಲೆ ಗೋಡೆ. ನನ್ನ ಮೇಲೆ ಬೇಸರವಾಗಿದೆ ಎಂದುಕೊಂಡೆ. ನನ್ನ ಓದು, ನನ್ನ ನಂಬಿಕೆ, ನನ್ನ ಮುಖ, ಯಾವುದೂ ಬೇಡವಾಗಿದೆ ಎಂದುಕೊಂಡೆ. ಕೇಳಲಿಲ್ಲ. ನಾನು ಏನನ್ನಾದರೂ ಯಾರನ್ನಾದರೂ ಬಾಯಿಬಿಟ್ಟು ಕೇಳಿದ್ದು ನೀವು ನೋಡಿದ್ದೀರಾ?

ಸುಗ್ಗಿಯ ಹಬ್ಬದ ದಿನ ಚರ್ಚಿನ ಅಂಗಳದಲ್ಲಿ ಕುಂಬಳಕಾಯಿ, ಕೋಳಿ ಹರಾಜು ಹಾಕುತ್ತಿದ್ದಾಗ ನಮ್ಮ ಮನೆಯಲ್ಲಿ ಅವರ ಬಟ್ಟೆಗಳನ್ನು ಮಡಿಸಿ ಗಂಟು ಕಟ್ಟುತ್ತಿದ್ದೆವು. ಮಣ್ಣು ಮಾಡಿ ಬಂದು ಆಗಿನ್ನೂ ಒಂದು ವಾರ. ಚರ್ಚಿನವರು ಒಳ್ಳೆಯವರು. ಊಟ ತಂದರು, ಹಾಡಿದರು, ದೇವರ ಚಿತ್ತ ಎಂದರು. ಆ ಕಾರ್ಡಿನ ಮಾತನ್ನು ಮಾತ್ರ ಒಬ್ಬರೂ ಎತ್ತಲಿಲ್ಲ. ನನ್ನ ಕೈ ಹಿಡಿದು ಅತ್ತವರೂ ಎತ್ತಲಿಲ್ಲ. ನಾನು ಬೈಬಲನ್ನು ಕಪಾಟಿನೊಳಗಿಟ್ಟೆ. ಮರು ಹೊಸ ವರ್ಷಕ್ಕೆ ಮಂಡಿ ನೋವು ಎಂದು ಹೇಳಿ ಆರಾಧನೆಗೇ ಹೋಗಲಿಲ್ಲ. ಭಾನುವಾರ ಹೋದರೂ ಓದುವ ಭಾಗ ಬಂದಾಗ ಪುಟ ತೆರೆಯದೆ ಕೂರುತ್ತಿದ್ದೆ.

ತಾತ ತೀರಿಕೊಂಡು ವರ್ಷ ತುಂಬುವ ದಿನದ ಪ್ರಾರ್ಥನೆಗೆ ಮುಂಚೆ ಕಲ್ಲು ನಿಲ್ಲಿಸಬೇಕು ಎಂದಾಯಿತು. ನಿಮ್ಮ ಅಪ್ಪ ನನ್ನನ್ನೂ ಎಸ್ತೇರಮ್ಮನವರನ್ನೂ ಹುಣಸಮಾರನಹಳ್ಳಿಯಿಂದ ಆಚೆ ಕಲ್ಲು ಕೆತ್ತುವವರ ಶೆಡ್ಡಿಗೆ ಕರೆದುಕೊಂಡು ಹೋದ. ನಂಜುಂಡಪ್ಪ ಎಂಬ ವಯಸ್ಸಾದವರು. ಒಂದು ಕಡೆ ಬಸವಣ್ಣ, ಒಂದು ಕಡೆ ಒರಳು, ಮೂಲೆಯಲ್ಲಿ ನಮ್ಮವರ ಶಿಲುಬೆಗಳು. ಹೆಸರು, ಹುಟ್ಟಿದ್ದು, ತೀರಿಕೊಂಡದ್ದು ಬರೆದುಕೊಂಡು ಕೇಳಿದರು, "ನಿಮ್ಮೋರ ಕಲ್ಲಲ್ಲಿ ಕೊನೇಗೆ ಎರಡು ಸಾಲು ದೇವ್ರ ಮಾತು ಇರ್ತದಲ್ಲಮ್ಮ, ಅದೇನ್ ಹಾಕ್ಲಿ? ದೇವ್ರೇ ನನ್ನ ಕುರಿ ಕಾಯೋನು ಅನ್ನೋ ಸಾಲು ಹಾಕ್ಬಿಡ್ಲಾ? ಎಲ್ಲಾರೂ ಅದೇ ಹಾಕಿಸ್ತಾರೆ, ಕಣ್ಮುಚ್ಕೊಂಡು ಕೆತ್ತಿಬಿಡ್ತೀನಿ."

"ಬೇಡಪ್ಪಾ," ಎಂದರು ಎಸ್ತೇರಮ್ಮ. "ನಮ್ಗೆ ಆ ವರ್ಷ ಬಂದ ವಾಗ್ದಾನ ಇದೆ. ಅದನ್ನೇ ಹಾಕಿ."

ಕಾರಿನಲ್ಲಿ ಕೂತ ಮೇಲೆ ಮೆಲ್ಲಗೆ ಹೇಳಿದೆ, "ಅಕ್ಕ, ಅದು ಬೇಡ. ವಾಸಿಮಾಡ್ತೀನಿ ಅಂತ ಸಮಾಧಿ ಮೇಲೆ ಹೆಂಗೆ ಬರ್ಸೋದು?"

"ಪರಲೋಕದಲ್ಲಿ ವಾಸಿಯಾಗಿದಾನಲ್ಲೇ! ಅಲ್ಲಿ ನೋವಿದೆಯಾ, ಗಡ್ಡೆ ಇದೆಯಾ? ವಾಗ್ದಾನ ನೆರವೇರ್ಲಿಲ್ಲ ಅಂತೀಯಾ ನೀನು?"

ನೆರವೇರಲಿಲ್ಲ ಎನ್ನುವ ಮಾತು ನನ್ನ ಗಂಟಲಲ್ಲೇ ಇತ್ತು. ಹೇಳಿದ್ದರೆ ಅವರು ತಮ್ಮನನ್ನು ಇನ್ನೊಂದು ಸಲ ಕಳೆದುಕೊಂಡ ಹಾಗೆ ಅಳುತ್ತಿದ್ದರು. ಸಂಜೆ ಮನೆಗೆ ಬಂದ ಮೇಲೆ ಮತ್ತೆ ಮಾತು ಬೆಳೆಯಿತು. ನೀವು ಕೇಳಿಸಿಕೊಂಡದ್ದು ಅದನ್ನೇ. ಮರುದಿನ ಬೆಳಗ್ಗೆ ನಿಮ್ಮ ಅಪ್ಪ ಬೇಸತ್ತು, "ಅಮ್ಮ, ಏನಾದ್ರೂ ಒಂದು ಸರಿಯಾಗಿ ಬರ್ಕೊಡು. ಅವರು ನಾಳೆ ಸಂಜೆ ಒಳಗೆ ಹೇಳಿ ಅಂದಿದಾರೆ" ಎಂದು ಹೇಳಿ ಕೆಲಸಕ್ಕೆ ಹೋದ.

ಕಾರ್ಡು ಇನ್ನೂ ಬೀರುವಿನ ಮೇಲೇ ಇತ್ತು. ಔಷಧಿಯ ಸಿರಪ್ ಯಾವಾಗಲೋ ಸಿಡಿದು ಅಕ್ಷರಗಳು ಕರಗಿಹೋಗಿದ್ದವು. ಮೂಲೆಯಲ್ಲಿ ಪುಸ್ತಕದ ಹೆಸರು, ಅಧ್ಯಾಯ, ವಚನದ ಅಂಕಿ ಮಾತ್ರ ಉಳಿದಿದ್ದವು. ನಿತ್ಯ ಓದಿದ ವಚನ ಬಾಯಿಗೆ ಬರಬೇಕಿತ್ತು. ಬರಲಿಲ್ಲ, ಮನಸ್ಸು ಅದನ್ನು ಉಗಿದುಬಿಟ್ಟಿತ್ತು. ಎಸ್ತೇರಮ್ಮನವರ ಹಟವೇ ಗೆದ್ದರೂ ಕಲ್ಲಿನ ಮೇಲೆ ತಪ್ಪು ಕೆತ್ತಿಸಲಾಗುತ್ತದೆಯೇ? ಮಧ್ಯಾಹ್ನ ನೀವು ಸ್ಕೂಲಿನಲ್ಲಿದ್ದಾಗ ಕಪಾಟಿನಿಂದ ಬೈಬಲ್ ತೆಗೆದೆ. ಕಣ್ಣು ಮುಚ್ಚಲಿಲ್ಲ, ಬೆರಳಿಡಲಿಲ್ಲ. ಅಂಕಿ ಹುಡುಕಿಕೊಂಡು ಹೋದೆ. ನನ್ನ ವಚನ ಆ ಪುಟದಲ್ಲಿ ಸಿಕ್ಕಿತು, ಅದರ ಮೇಲೆ ನಾನು ಯಾವತ್ತೂ ನೋಡದ ನಾಲ್ಕು ವಚನಗಳಿದ್ದವು.

ಹಿಜ್ಕೀಯ ಎಂಬ ಅರಸ. ಅವನಿಗೆ ಕಾಯಿಲೆ. ಪ್ರವಾದಿ ಬಂದು ಮೊದಲು ಹೇಳುವ ಮಾತು ವಾಸಿಯಾಗುತ್ತೀ ಎಂದಲ್ಲ. ನಿನ್ನ ಮನೆಯ ವ್ಯವಸ್ಥೆ ಮಾಡಿಕೋ, ನೀನು ಸಾಯುತ್ತೀ ಎನ್ನುತ್ತಾನೆ. ಇದನ್ನು ಓದಿ ನನಗೆ ತಾತ ನಿಮ್ಮ ಅಪ್ಪನಿಗೆ ಮೋಟರಿನ ಸ್ಟಾರ್ಟರ್ ವಿಷಯ ಹೇಳುತ್ತ ಕೂತದ್ದು ಕಣ್ಣಮುಂದೆ ಬಂತು. ಅದರ ಕೆಳಗಿನ ವಚನಕ್ಕೆ ಹೋದೆ. ಅಲ್ಲಿ ಅರಸ ಗೋಡೆಯ ಕಡೆಗೆ ಮುಖ ತಿರುಗಿಸಿಕೊಳ್ಳುತ್ತಾನೆ.

ನಾನು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡೆ. ಗೋಡೆ ಎಂದೇ ಇತ್ತು. ಗೋಡೆಗೆ ತಿರುಗಿ ಅವನು ಪ್ರಾರ್ಥನೆ ಮಾಡುತ್ತಾನೆ, ಬಹಳವಾಗಿ ಅಳುತ್ತಾನೆ. ನನ್ನ ಕಾರ್ಡಿನಲ್ಲಿದ್ದ ಕಣ್ಣೀರು ಅದು. ಗೋಡೆ ಬಿಟ್ಟರೆ ಬೇರೆ ಯಾರಿಗೂ ಕಾಣದ ಹಾಗೆ ಸುರಿಸಿದ್ದು.

ಅವತ್ತು ನಾನು ಆ ಅಧ್ಯಾಯವನ್ನು ಮುಗಿಯುವವರೆಗೆ ಓದಿದೆ. ಬೈಬಲಿನ ಒಂದು ಅಧ್ಯಾಯವನ್ನು ಮಧ್ಯೆ ಬಿಡದೆ, ಮುಂದೇನಾಯಿತು ಎಂದು ತಿಳಿಯುವುದಕ್ಕಾಗಿ ಓದಿದ್ದು ಅದೇ ಮೊದಲು. ದೇವರು ವಾಸಿಮಾಡುತ್ತೇನೆ ಎಂದ ಮೇಲೂ ಪ್ರವಾದಿ ಅಂಜೂರದ ಹಣ್ಣಿನ ಉಂಡೆ ತರಿಸಿ ಹುಣ್ಣಿಗೆ ಕಟ್ಟಿಸುತ್ತಾನೆ. ಈ ಸಂಗತಿ ಮೊದಲೇ ಗೊತ್ತಿದ್ದರೆ ಎಸ್ತೇರಮ್ಮ ಯಲಹಂಕದ ಅಂಗಡಿಗಳ ಅಂಜೂರವನ್ನೆಲ್ಲ ಮನೆಗೆ ತಂದು ಸುರಿಯುತ್ತಿದ್ದರು. ಅರಸ ಎದ್ದು ಓಡಾಡುತ್ತಾನೆ. ಆಮೇಲೆ ದೂರದ ದೇಶದವರು ನೋಡಲು ಬಂದಾಗ ಹಿಗ್ಗಿ ಉಗ್ರಾಣವನ್ನೆಲ್ಲ ತೆರೆದು ತೋರಿಸುತ್ತಾನೆ. ಒಂದು ದಿನ ಇದೆಲ್ಲವನ್ನೂ ಹೊತ್ತುಕೊಂಡು ಹೋಗುತ್ತಾರೆ, ನಿನ್ನ ಸಂತಾನದವರನ್ನೂ ಒಯ್ಯುತ್ತಾರೆ ಎಂದು ಪ್ರವಾದಿ ಹೇಳಿದರೆ, ನನ್ನ ಕಾಲದಲ್ಲಿ ಸುಖವಾಗಿದ್ದರೆ ಸಾಕಲ್ಲ ಎನ್ನುತ್ತಾನೆ. ನನಗೆ ಸಿಟ್ಟೇ ಬಂತು. ಇಂಥವನಿಗೆ ಆಯಸ್ಸು ಕೊಟ್ಟೆ, ಮನೆಯವರಿಗಾಗಿ ಗ್ಯಾಸ್ ಕನೆಕ್ಷನ್ ತನಕ ಯೋಚಿಸಿದವರಿಗೆ ಕೊಡಲಿಲ್ಲವಲ್ಲಾ ಎಂದು ದೇವರನ್ನು ಗಟ್ಟಿಯಾಗಿಯೇ ಕೇಳಿದೆ. ಮನೆಯಲ್ಲಿ ಯಾರೂ ಇರಲಿಲ್ಲ, ಅದಕ್ಕೇ ಬಾಯಿ ಬಂತು. ಕೊನೆಯಲ್ಲಿ ಅರಸನೂ ಸಾಯುತ್ತಾನೆ, ತನ್ನ ಪಿತೃಗಳ ಬಳಿಗೆ ಸೇರುತ್ತಾನೆ.

ಕಾರ್ಡು ಸುಳ್ಳು ಹೇಳಿರಲಿಲ್ಲ. ಒಬ್ಬ ಮನುಷ್ಯನಿಗೆ, ಅವನು ಅತ್ತ ದಿನ, ಅವನಿಗಾಗಿ ಬಂದ ಮಾತನ್ನು ಕತ್ತರಿಸಿ, ಪಾರಿವಾಳದ ಚಿತ್ರ ಹಾಕಿ, ನನ್ನ ಕೈಗೆ ಕೊಟ್ಟಿದ್ದರು. ನಾನು ಅದನ್ನು ಹಿಡಿದುಕೊಂಡು, ಮಂಚದ ಮೇಲಿದ್ದ ಮನುಷ್ಯನ ಅಳು ಯಾವುದು ಎಂದು ನೋಡದೆ ಹೋದೆ. ಈ ವರ್ಷ ತಟ್ಟೆ ದಾಟಿಸಿದ್ದು ಅದಕ್ಕೇ ಮಕ್ಕಳೇ. ನಿಮಗೆ ಬೇಕಾದರೆ ನೀವು ತೆಗೆದುಕೊಳ್ಳಿ, ನಾನು ಬೇಡ ಎನ್ನುವುದಿಲ್ಲ. ಆದರೆ ಮನೆಗೆ ಬಂದು ಅದರ ಹಿಂದೆ ಮುಂದೆ ಏನಿದೆ ಎಂದು ಓದಿ. ಎಲ್ಲವೂ ಚೆನ್ನಾಗಿಯೇ ಇರುತ್ತದೆ ಎಂದು ನಾನು ಹೇಳಲಾರೆ. ಓದಿದ ಮೇಲೆ ನನ್ನ ದುಃಖವೇನೂ ಕಡಿಮೆಯಾಗಲಿಲ್ಲ. ಅಲ್ಲಿಯವರೆಗೆ ಅದಕ್ಕೆ ತಾತನ ಬೆನ್ನು ಮಾತ್ರ ಇತ್ತು, ಓದಿದ ಮೇಲೆ ಅವರ ಮುಖವೂ ಕಂಡಿತು.

ಮಾರನೆಯ ದಿನ ಎಸ್ತೇರಮ್ಮ ಬಂದರು, ಜಗಳಕ್ಕೆ ಸಿದ್ಧವಾಗಿಯೇ. ನಾನು ಕಾಫಿ ಕೊಟ್ಟು ಹೇಳಿದೆ, "ಅಕ್ಕ, ಆ ಅಧ್ಯಾಯದ್ದೇ ಹಾಕ್ಸೋಣ. ಆದ್ರೆ ಬೇರೆ ಸಾಲು. ಗೋಡೆಯ ಕಡೆಗೆ ತಿರುಗಿ ಪ್ರಾರ್ಥಿಸಿದನು ಅಂತ."

"ಗೋಡೇನಾ?" ಲೋಟ ಕೆಳಗಿಟ್ಟರು. "ಸಮಾಧಿ ಮೇಲೆ ಗೋಡೆ ಅಂತ ಯಾರಾದ್ರೂ ಕೆತ್ತಿಸ್ತಾರೇನೇ? ಓದಿದವ್ರು ನಗಲ್ವಾ? ತಲೆ ಕೆಟ್ಟಿದೆಯಾ ನಿಂಗೆ?"

"ನಗಲಿ ಅಕ್ಕ. ಕೊನೇಗೆ ಅವ್ರು ಗೋಡೆ ಕಡೆಗೇ ಮಲಗ್ತಿದ್ರು, ನೀವೂ ನೋಡಿದೀರಲ್ಲ. ನನ್ನ ಮೇಲೆ ಬೇಜಾರಾಗಿ ಅಂತ ಅಂದ್ಕೊಂಡಿದ್ದೆ. ನಿನ್ನೆ ಓದಿದ್ಮೇಲೆ…" ಅಷ್ಟು ಹೇಳಿದ್ದೇ ನನಗೆ ಹೆಚ್ಚು.

ಎಸ್ತೇರಮ್ಮನವರ ದನಿ ಬೇರೆಯಾಯಿತು.

"ಬೇಜಾರಾದ್ರೆ ಅವ್ನು ಎದುರಿಗೇ ಕೂತು ಬೈತಿದ್ದ ಕಣೇ, ನಿಂಗೊತ್ತಿಲ್ವಾ? ನಮ್ಮಪ್ಪ ಹೋದಾಗ ಇವ್ನು ಇನ್ನೂ ಚಿಕ್ಕೋನು. ಮನೆ ತುಂಬಾ ಜನ. ಇವ್ನು ಮಾತ್ರ ಕಾಣಿಸ್ಲಿಲ್ಲ. ಹುಡುಕಿದ್ರೆ ಒಳಗಿನ ಕೋಣೇಲಿ ಗೋಡೆಗೆ ಮುಖ ಒತ್ಕೊಂಡು ನಿಂತಿದ್ದ. ಅಮ್ಮ ನೋಡ್ಬಿಟ್ರೆ ಇನ್ನೂ ಅಳ್ತಾಳೆ ಅಂತ. ನಾನೇ ಹೋಗಿ ಭುಜ ಹಿಡ್ದು ಈ ಕಡೆ ತಿರುಗಿಸ್ಬೇಕಾಯ್ತು."

"ನಾನು ತಿರುಗಿಸ್ಲಿಲ್ಲ ಅಕ್ಕ" ಎಂದೆ.

ಅವರು ತಣ್ಣಗಾದ ಕಾಫಿಯನ್ನು ತೆಗೆದುಕೊಂಡು ಕುಡಿದರು. ಆಮೇಲೆ, "ಪ್ರಭುಗೆ ಹೇಳು, ಫೋನ್ ಮಾಡ್ಲಿ" ಎಂದರು.

ಸಂಜೆ ನಿಮ್ಮ ಅಪ್ಪ ನಂಜುಂಡಪ್ಪನವರಿಗೆ ಫೋನ್ ಹಚ್ಚಿದ. ಸಾಲು ಹೇಳುವ ಹೊತ್ತಿಗೆ ಫೋನನ್ನು ನನ್ನ ಕೈಗೆ ಕೊಟ್ಟುಬಿಟ್ಟ. ಅಪರಿಚಿತರ ಜೊತೆ ನಾನು ಫೋನಿನಲ್ಲಿ ಮಾತಾಡುವವಳಲ್ಲ. ಒಂದೊಂದೇ ಪದ ಬಿಡಿಸಿ ಹೇಳಿದೆ. ಅವರು ಆ ಕಡೆಯಿಂದ ಒಂದೊಂದನ್ನೇ ಹೇಳಿಕೊಂಡು ಬರೆದುಕೊಂಡರು.

"ಆಯ್ತಮ್ಮ. ಆಮೇಕೆ? ಪ್ರಾರ್ಥನೆ ಮಾಡಿದ್ಮೇಲೆ ದೇವ್ರು ಏನಂದ ಅಂತ ಹಾಕಲ್ವಾ?"

"ಬೇಡಪ್ಪ. ಅಷ್ಟೇ."

"ಕೆಳಗೆ ಜಾಗ ಖಾಲಿ ಉಳೀತದಲ್ಲಮ್ಮಾ."

ನಿಮ್ಮ ಅಪ್ಪ ನನ್ನ ಮುಖ ನೋಡುತ್ತಿದ್ದ. ನಾನು ಆ ಕಡೆ ತಿರುಗಿಕೊಳ್ಳಲಿಲ್ಲ.

"ಉಳೀಲಿ ಬಿಡಿ," ಎಂದೆ. "ನನ್ನ ಹೆಸರಿಗೆ ಬೇಕಾಗುತ್ತೆ."